ನಮ್ಮ ಲೇಬರ್ ದರ ಮತ್ತು ಮೆಕ್ಯಾನಿಕ್‌ಗಳ ಸಂಬಳ: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಮೊದಲ ದಿನದಿಂದ ನಮ್ಮ ಗ್ಯಾರೇಜಿನ ಲೇಬರ್ ದರ ಏರುತ್ತಿದೆ. ಗಾಡಿಯ ದೋಷ ಹುಡುಕುವ ಕೆಲಸಕ್ಕೂ ಇನ್ನು ಮುಂದೆ ಬಿಲ್ಲಿನಲ್ಲಿ ಬೇರೆಯೇ ಸಾಲು ಇರುತ್ತದೆ. ಮೂರನೆಯ ಬದಲಾವಣೆ ನಿಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ, ಆದರೆ ದರ ಏರಲು ಮುಖ್ಯ ಕಾರಣ ಅದೇ. ಮುಗಿಸಿದ ಕೆಲಸದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ನಮ್ಮ ಮೆಕ್ಯಾನಿಕ್‌ಗಳನ್ನೆಲ್ಲ ತಿಂಗಳ ಸಂಬಳಕ್ಕೆ ತಂದಿದ್ದೇವೆ.

ಎಲ್ಲದರ ಬೆಲೆಯೂ ಏರುತ್ತಿರುವಾಗ ನಾವೂ ಒಂದು ಹೊರೆ ಸೇರಿಸುತ್ತಿದ್ದೇವೆ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇವೆ. ಆದರೆ ಈ ಸುದ್ದಿ ತಿಳಿದಾಗಿನಿಂದ ಕೌಂಟರಿನಲ್ಲೂ ಫೋನಿನಲ್ಲೂ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಅದಕ್ಕೆ ಉತ್ತರಿಸದೆ ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತದೆ.

ಆ ಮಾತು ಇದು: "ಹುಡುಗರಿಗೆ ಗಂಟೆಗೆ ಒಂದು ಪಾಲು ಕೊಡ್ತೀರಿ, ನಮ್ಮ ಹತ್ರ ಮೂರು ಪಾಲು ತಗೋತೀರಿ. ಉಳಿದ ಎರಡು ಪಾಲು ನಿಮ್ಮ ಜೇಬಿಗೆ ತಾನೇ?"

ಇಲ್ಲ. ಲೆಕ್ಕ ಬಿಡಿಸಿ ಹೇಳುತ್ತೇವೆ, ದಯವಿಟ್ಟು ಪೂರ್ತಿ ಓದಿ.

ಈ ಹೊಸ ಪದ್ಧತಿಯಲ್ಲಿ ಮೆಕ್ಯಾನಿಕ್‌ಗೆ ನಾವು ಸಂಬಳ ಕೊಡುವುದು ಅವನು ಗ್ಯಾರೇಜಿನಲ್ಲಿದ್ದ ಗಂಟೆಗಳಿಗೆ. ನಿಮಗೆ ಬಿಲ್ ಹಾಕುವುದು ನಿಮ್ಮ ಗಾಡಿಗೆ ಕೈ ಹಾಕಿದ ಗಂಟೆಗಳಿಗೆ ಮಾತ್ರ. ಇವೆರಡೂ ಯಾವ ಗ್ಯಾರೇಜಿನಲ್ಲೂ ದಿನದಿನವೂ ಸಮ ಬರುವುದಿಲ್ಲ. ಪಾರ್ಟ್ ಬರುವವರೆಗೆ ಕಾಯಬೇಕು, ಬಂದ ಪಾರ್ಟ್ ಕೂರದಿದ್ದರೆ ವಾಪಸು ಕಳಿಸಬೇಕು. ಗಾಡಿಗಳನ್ನು ಹಿಂದೆ ಮುಂದೆ ಮಾಡಿ ಲಿಫ್ಟ್ ಖಾಲಿ ಮಾಡಿಕೊಳ್ಳಬೇಕು, ನೆಲಕ್ಕೆ ಬಿದ್ದ ಆಯಿಲ್ ಒರೆಸಬೇಕು. ಎಂಟು ಗಂಟೆಯಲ್ಲಿ ಇದೆಲ್ಲ ಕಳೆದು ಆರು ಗಂಟೆ ಬಿಲ್ಲಿಗೆ ಸಿಕ್ಕಿತು ಅನ್ನಿ. ಎಂಟು ಗಂಟೆಯ ಸಂಬಳವನ್ನು ಆ ಆರು ಗಂಟೆಯಲ್ಲೇ ದುಡಿಯಬೇಕು. ನೀವು ಒಂದು ಪಾಲು ಅಂದುಕೊಂಡದ್ದು ಅಲ್ಲಿಗೇ ಒಂದೂಕಾಲು ದಾಟಿತು. ಕೆಲಸ ಕಡಿಮೆಯಿದ್ದು ನಾಲ್ಕೇ ಗಂಟೆ ಸಿಕ್ಕ ದಿನ ಅದು ಎರಡು ಪಾಲು. ಇದಕ್ಕೆ ರಜೆಯ ದಿನದ ಸಂಬಳ, ವಿಮೆ, ಹೊಸ ಗಾಡಿಗಳ ತರಬೇತಿಗೆ ಕಳಿಸಿದ ದಿನಗಳು, ಎಲ್ಲವೂ ಸೇರಬೇಕು.

ಇನ್ನು, ಒಂದು ಗಂಟೆಗೂ ಬಿಲ್ ಹಾಕಲಾಗದ ಕೆಲಸಗಾರರಿದ್ದಾರೆ. ನಿಮ್ಮ ಫೋನ್ ಎತ್ತಿ ಎಸ್ಟಿಮೇಟ್ ಹೇಳುವವರು, ಪಾರ್ಟ್ಸ್ ತರಿಸುವವರು, ಲೆಕ್ಕ ಬರೆಯುವವರು, ಗಾಡಿ ತೊಳೆಯುವವರು. ಅವರ ಸಂಬಳವೂ ಆ ಮೂರು ಪಾಲಿನಿಂದಲೇ ಹೋಗಬೇಕು. ಜಾಗದ ಬಾಡಿಗೆ, ಕಂಪ್ರೆಸರ್ ಮತ್ತು ಲಿಫ್ಟಿನ ಕರೆಂಟು, ಲಿಫ್ಟಿನ ಸುರಕ್ಷತಾ ತಪಾಸಣೆ, ಹಳೆ ಆಯಿಲ್ ಮತ್ತು ಕೂಲೆಂಟ್ ಚರಂಡಿಗೆ ಬಿಡದೆ ವಿಲೇವಾರಿ ಮಾಡುವ ಖರ್ಚು, ಎಲ್ಲವೂ ಅಲ್ಲಿಂದಲೇ. ನಾವು ಮಾಡಿದ ಕೆಲಸ ಸರಿಯಾಗದೆ ಗಾಡಿ ಮರಳಿ ಬಂದರೆ ಎರಡನೆಯ ಸಲದ ಲೇಬರನ್ನು ನಿಮ್ಮಿಂದ ಎಂದೂ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಆದರೆ ಮೆಕ್ಯಾನಿಕ್‌ಗೆ ಆ ಗಂಟೆಗಳ ಸಂಬಳ ಕೊಟ್ಟೇ ಕೊಡುತ್ತೇವೆ.

ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರಿನ ಖರ್ಚು ಹೊರಗಿನವರಿಗೆ ಕಾಣುವುದೇ ಇಲ್ಲ. ಮಷೀನು ಒಮ್ಮೆ ಕೊಂಡರೆ ಮುಗಿಯಿತು ಅನ್ನುವ ಕಾಲ ಹೋಯಿತು. ಅದರ ಸಾಫ್ಟ್‌ವೇರಿಗೆ ವರ್ಷವರ್ಷವೂ ಚಂದಾ ಕಟ್ಟಬೇಕು, ಕಟ್ಟದಿದ್ದರೆ ಹೊಸ ಮಾಡೆಲ್‌ಗಳು ಅದರಲ್ಲಿ ತೆರೆಯುವುದಿಲ್ಲ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಎಷ್ಟೋ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಬೇಕಾದರೆ ಮೊದಲು ಸ್ಕ್ಯಾನರಿನಿಂದ ಸಿಸ್ಟಮ್ಮನ್ನು ಸರ್ವಿಸ್ ಮೋಡಿಗೆ, ಅಂದರೆ ರಿಪೇರಿಗೆ ಬಿಟ್ಟುಕೊಡುವ ಸ್ಥಿತಿಗೆ, ತರಬೇಕು. ಹಳೆಯ ರೀತಿಯಲ್ಲಿ ಬ್ರೇಕಿನ ಪಿಸ್ಟನ್ ಒತ್ತಿದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಮೋಟರೇ ಕೆಡಬಹುದು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಗಾಡಿಗಳಲ್ಲಿ ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾವನ್ನು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದರ ನೋಟವನ್ನು ಮತ್ತೆ ಸರಿಹೊಂದಿಸಬೇಕು. ಮಾಡದಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ರಸ್ತೆಯನ್ನು ತಪ್ಪಾಗಿ ಓದಬಹುದು. ಎಸಿಗೆ ಹೊಸ ಗಾಡಿಗಳಲ್ಲಿ ಬರುತ್ತಿರುವ ಆರ್-1234ವೈಎಫ್ ಗ್ಯಾಸ್ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಹಳೆಯ ಆರ್-134ಎ ಗ್ಯಾಸಿನ ಮಷೀನಿನಿಂದ ಅದನ್ನು ತುಂಬುವ ಹಾಗಿಲ್ಲ. ಎಷ್ಟೋ ಎಲೆಕ್ಟ್ರಿಕ್ ಕಾರುಗಳದ್ದಂತೂ ಸುಮಾರು 400 ಅಥವಾ 800 ವೋಲ್ಟಿನ ಬ್ಯಾಟರಿ. ಅದರ ಹತ್ತಿರ ಹೋಗುವವನಿಗೆ 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಬೇಕು, ಆ ಗ್ಲೌಸನ್ನು ಆಗಾಗ ಪರೀಕ್ಷೆಗೆ ಕಳಿಸಬೇಕು. ಈ ಯಾವ ಖರ್ಚೂ ನಾವು ಶೋಕಿಗೆ ಮಾಡಿದ್ದಲ್ಲ, ನಿಮ್ಮ ಗಾಡಿಗಳು ಕೇಳಿದ್ದು.

ಇಷ್ಟೆಲ್ಲ ಕಳೆದು ನಮಗೇನೂ ಉಳಿಯುವುದಿಲ್ಲ ಅಂತ ಹೇಳುವುದಿಲ್ಲ. ಸ್ವಲ್ಪ ಉಳಿಯುತ್ತದೆ, ಉಳಿಯಲೇಬೇಕು. ಅದು ಎರಡು ಪಾಲಿನ ಹತ್ತಿರವೂ ಬರುವುದಿಲ್ಲ.

ಈಗ ಸಂಬಳದ ವಿಷಯ. ವಾಹನ ರಿಪೇರಿಯ ಲೋಕದಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಅಂತ ಕಂಪನಿಗಳು ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿರುತ್ತವೆ. ಕ್ಲಚ್‌ಗೆ ಇಷ್ಟು, ಟೈಮಿಂಗ್ ಬೆಲ್ಟಿಗೆ ಇಷ್ಟು. ಇಷ್ಟು ದಿನ ನಮ್ಮಲ್ಲೂ ಇದ್ದ ಫ್ಲಾಟ್ ರೇಟ್ ಅನ್ನುವ ಪದ್ಧತಿಯಲ್ಲಿ ಮೆಕ್ಯಾನಿಕ್‌ಗೆ ಹಣ ಸಿಗುವುದು ಆ ಬರೆದಿಟ್ಟ ಗಂಟೆಗೆ, ಅವನು ನಿಜವಾಗಿ ದುಡಿದ ಗಂಟೆಗಲ್ಲ. ಚುರುಕಿನ ಕೈ ಇದ್ದು, ಗಾಡಿಗಳೂ ಸಾಲಾಗಿ ಬಂದರೆ ಒಳ್ಳೆಯ ದುಡಿಮೆ. ಆದರೆ ಆ ಗಂಟೆಗಳನ್ನು ಹಾಕಿರುವುದು ಹೆಚ್ಚಾಗಿ ಹೊಸ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹತ್ತು ವರ್ಷ ಮಳೆ ಕೆಸರು ಕಂಡು ತುಕ್ಕು ಹಿಡಿದ ಬೋಲ್ಟು ಆ ಪುಸ್ತಕ ಓದಿಕೊಂಡು ಬಂದಿರುವುದಿಲ್ಲ. ಅದು ತಲೆ ಮುರಿದರೆ ಡ್ರಿಲ್ ಮಾಡಿ ತೆಗೆಯುವ ಹೊತ್ತೆಲ್ಲ ಮೆಕ್ಯಾನಿಕ್‌ನ ನಷ್ಟ. ಗಾಡಿ ಬರದ ದಿನ ಬೆಳಗಿನಿಂದ ಸಂಜೆಯವರೆಗೆ ಕಾದು ಕೂತರೂ ಕೈಗೆ ಕಾಸಿಲ್ಲ.

ಈ ಪದ್ಧತಿ ಅವಸರಕ್ಕೆ ಹಣ ಕೊಡುತ್ತದೆ. ಚಕ್ರದ ನಟ್ಟುಗಳನ್ನು ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಒಂದೊಂದಾಗಿ ಬಿಗಿ ಮಾಡುವವನು, ಬ್ರೇಕ್ ಕೆಲಸ ಮಾಡುವಾಗ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಹರಿದಿದೆಯಾ ಅಂತ ಟಾರ್ಚ್ ಹಿಡಿದು ನೋಡುವವನು, ಪಕ್ಕದಲ್ಲಿ ನಿಂತ ಹೊಸ ಹುಡುಗನಿಗೆ ಕೆಲಸ ಕಲಿಸುವವನು, ಇವರೆಲ್ಲ ಆ ಲೆಕ್ಕದಲ್ಲಿ ಸೋತವರು. ನಮ್ಮಲ್ಲಿ ಅಂಥವರೇ ಇದ್ದಾರೆ, ಅದೇ ನಮ್ಮ ಹೆಮ್ಮೆ. ಎಷ್ಟೋ ಜನ ಗಾಡಿ ಬಿಡುವಾಗ ಅವರ ಹೆಸರು ಹೇಳಿ, "ಅವರೇ ನೋಡ್ಲಿ" ಅಂತ ಕೇಳುತ್ತೀರಿ. ಅವರಲ್ಲಿ ಒಬ್ಬರು ಬಿಟ್ಟುಹೋದರೂ ಆ ಜಾಗ ತುಂಬುವುದು ಸುಲಭವಲ್ಲ. ಪೆಟ್ರೋಲ್ ಎಂಜಿನ್ನೂ ಬಲ್ಲ, ವೈರಿಂಗೂ ಬಲ್ಲ, ಸ್ಕ್ಯಾನರಿನ ಅಂಕಿಅಂಶವನ್ನೂ ಓದಬಲ್ಲ ಮೆಕ್ಯಾನಿಕ್ ತಯಾರಾಗಲು ವರ್ಷಗಳೇ ಬೇಕು. ಖಾಲಿ ಗಂಟೆಗಳ ನಷ್ಟವನ್ನು ಇಷ್ಟು ದಿನ ಅವರು ಹೊರುತ್ತಿದ್ದರು. ಇನ್ನು ಗ್ಯಾರೇಜು ಹೊರುತ್ತದೆ. ಏರಿದ ದರದ ದೊಡ್ಡ ಭಾಗ ಹೋಗುವುದು ಅಲ್ಲಿಗೇ.

ದೋಷ ಹುಡುಕುವುದಕ್ಕೆ ಯಾಕೆ ಬೇರೆ ಚಾರ್ಜು, ಸ್ಕ್ಯಾನರ್ ಚುಚ್ಚಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಲ್ಲ ಅನ್ನುವವರಿದ್ದಾರೆ. ಸ್ಕ್ಯಾನರ್ ಚುಚ್ಚುವ ಒಬಿಡಿ-2 ಸಾಕೆಟ್ ಅಮೆರಿಕದಲ್ಲಿ 1996ರ ಮಾಡೆಲ್ ಕಾರುಗಳಿಂದ ಕಡ್ಡಾಯವಾಯಿತು, ಆಮೇಲೆ ಬೇರೆ ಕಡೆಯೂ ಬಂತು. ಅದರಿಂದ ನಮಗೆ ತುಂಬ ಸಹಾಯವಾಗಿದೆ. ಆದರೆ ಅದು ಕೊಡುವುದು ದೋಷದ ಸುಳಿವು ಹೇಳುವ ಕೋಡ್, ಉತ್ತರವಲ್ಲ. ಪಿ0420 ಅನ್ನುವ ಕೋಡನ್ನೇ ನೋಡಿ. ಎಂಜಿನ್ನಿನ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅದರ ಅರ್ಥ. ಕನ್ವರ್ಟರೇ ಹಾಳಾಗಿರಬಹುದು, ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಬಿರುಕು ಬಿಟ್ಟು ಗಾಳಿ ನುಗ್ಗುತ್ತಿರಬಹುದು, ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಅಥವಾ ಸಿಲಿಂಡರ್ ಮಿಸ್‌ಫೈರ್ ಆಗಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರಬಹುದು. ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳಿರುವ ಕನ್ವರ್ಟರ್ ಎಷ್ಟು ದುಬಾರಿ ಅಂತ ಕೊಂಡವರಿಗೆ ಗೊತ್ತು. ಕೋಡ್ ನೋಡಿದ ತಕ್ಷಣ ಅದನ್ನು ಬದಲಿಸಿ, ಮಿಸ್‌ಫೈರನ್ನು ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕಾರಣ ಹುಡುಕಲು ಒಂದೆರಡು ಗಂಟೆ ತಗುಲಿ, ಕೊನೆಗೆ ಬದಲಿಸಬೇಕಾದ್ದು ಮಿಸ್‌ಫೈರಿಗೆ ಕಾರಣವಾದ ಒಂದು ಸ್ಪಾರ್ಕ್ ಪ್ಲಗ್ ಅಂತ ಆದರೆ ಪ್ಲಗ್ಗಿನ ಬಿಲ್ಲಿನಲ್ಲಿ ಆ ಗಂಟೆಗಳು ಎಲ್ಲಿ ಕಾಣುತ್ತವೆ? ಇಷ್ಟು ದಿನ ಕಾಣುತ್ತಿರಲಿಲ್ಲ. ನಿಮಗೆ ಅತಿ ಹೆಚ್ಚು ಹಣ ಉಳಿಸಿದ ಕೆಲಸವೇ ನಮ್ಮಲ್ಲಿ ಬಿಟ್ಟಿಯಾಗಿ ನಡೆಯುತ್ತಿತ್ತು.

ಹುಡುಕಾಟ ಎಷ್ಟು ಹೊತ್ತು ಹಿಡಿಯಬಹುದು ಅಂತ ಮೊದಲೇ ಹೇಳುತ್ತೇವೆ. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಫೋನ್ ಮಾಡಿ, ನೀವು ಹೂಂ ಅಂದರೆ ಮಾತ್ರ ಮುಂದುವರಿಯುತ್ತೇವೆ. ಸಿಕ್ಕಿದ್ದನ್ನು ಬರೆದು ಕೊಡುತ್ತೇವೆ. ರಿಪೇರಿ ಬೇರೆ ಕಡೆ ಮಾಡಿಸಿದರೂ ಆ ಹಾಳೆ ನಿಮ್ಮದೇ.

ದರ ಏರಿಸದೆ ಇರಲು ಇನ್ನೊಂದು ದಾರಿ ಇತ್ತು. ಲೇಬರ್ ಕಡಿಮೆ ತೋರಿಸಿ ಪಾರ್ಟ್ಸಿನ ಬೆಲೆಯಲ್ಲಿ ಎಳೆದುಕೊಳ್ಳುವುದು. ಹಾಗೆ ಮಾಡಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ, ಯಾರೂ ನಮ್ಮನ್ನು ಪ್ರಶ್ನಿಸುತ್ತಲೂ ಇರಲಿಲ್ಲ. ಕೈಕೆಲಸದ ಬೆಲೆಯನ್ನು ಪಾರ್ಟಿನ ಡಬ್ಬಿಯೊಳಗೆ ಬಚ್ಚಿಡಲು ನಮಗೆ ಇಷ್ಟವಿಲ್ಲ.

ಆಯಿಲ್ ಸರ್ವಿಸ್, ಟೈರ್ ಬದಲಾವಣೆಯಂಥ ನಿಗದಿತ ಕೆಲಸಗಳ ದರ ಸದ್ಯಕ್ಕೆ ಹಾಗೇ ಇರುತ್ತದೆ. ಈಗಾಗಲೇ ಎಸ್ಟಿಮೇಟ್ ಪಡೆದವರಿಗೂ, ಪಾರ್ಟ್ ಬರಲೆಂದು ಗಾಡಿ ಬಿಟ್ಟುಹೋದವರಿಗೂ ಹಳೆಯ ದರವೇ. ಒಟ್ಟಿಗೆ ಕಟ್ಟಲು ಕಷ್ಟ ಅನ್ನುವವರು ಕೆಲಸಕ್ಕೆ ಮುಂಚೆ ಒಂದು ಮಾತು ಹೇಳಿ. ಬ್ರೇಕು, ಸ್ಟೀರಿಂಗಿನಂಥ ಕಾಯಲಾಗದ ಕೆಲಸ ಮೊದಲು ಮುಗಿಸಿ, ಉಳಿದದ್ದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳೋಣ. ಬಿಲ್ಲಿನ ಯಾವ ಸಾಲು ಅರ್ಥವಾಗದಿದ್ದರೂ ಹಣ ಕಟ್ಟುವ ಮೊದಲೇ ಕೇಳಿ. ನಿಮ್ಮ ಗಾಡಿ ನೋಡಿದ ಮೆಕ್ಯಾನಿಕ್‌ನನ್ನೇ ಕರೆಸುತ್ತೇವೆ, ಬಿಚ್ಚಿ ತೆಗೆದ ಹಳೇ ಪಾರ್ಟ್ ಮುಂದಿಟ್ಟು ಅವರೇ ವಿವರಿಸುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಗ್ಯಾರೇಜಿನ ಮಾಲೀಕರು, ಎಲ್ಲ ಮೆಕ್ಯಾನಿಕ್‌ಗಳ ಪರವಾಗಿ