ಥರ್ಮಾಕೋಲ್ ಬೇಡ, ಮೀಟರ್ ಓದಿಸಿ

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರ ಬಂದರೆ ಸಾಕು, ಮಕ್ಕಳ ಶಾಲೆಯ ‘ಪರಿಸರ ಉಳಿಸಿ’ ಮಾದರಿಗೆಂದು ಅಪ್ಪ ಅಮ್ಮಂದಿರು ಥರ್ಮಾಕೋಲ್ ಹಾಳೆ ಹುಡುಕಿಕೊಂಡು ಅಂಗಡಿ ಅಲೆಯುತ್ತಾರೆ. ವಾರ ಕಳೆದರೆ ಅದು ಕಸದ ಗಾಡಿಗೆ. ಇದರಿಂದ ಮಕ್ಕಳು ಏನು ಕಲಿತ ಹಾಗಾಯಿತು?

ಬೆಂಗಳೂರಿನ ಮಕ್ಕಳಿಗೆ ಮನೆಯ ನಲ್ಲಿಯೇ ಒಳ್ಳೆಯ ಪಾಠ. ಇಲ್ಲಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳ ಬಲದಿಂದ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ, ಅಷ್ಟಕ್ಕೂ ಕರೆಂಟ್ ಬೇಕು. ಸುಮ್ನೆ ‘ನಲ್ಲಿ ನಿಲ್ಲಿಸು’ ಎಂದು ಗದರುವ ಬದಲು ಈ ದಾರಿಯನ್ನು ಮ್ಯಾಪಿನಲ್ಲಿ ತೋರಿಸಿ. ಆರ್‌ಒ ಫಿಲ್ಟರಿನ ಹೊರಗಿನ ಪೈಪನ್ನು ಬಕೆಟ್ಟಿಗೆ ಬಿಟ್ಟು, ಒಂದು ಬಿಂದಿಗೆ ಕುಡಿಯುವ ನೀರಿಗೆ ಎಷ್ಟು ನೀರು ಮೋರಿ ಸೇರುತ್ತಿತ್ತು ಅಂತ ಅವರೇ ಅಳೆಯಲಿ. ಆ ನೀರಲ್ಲೇ ನೆಲ ಒರೆಸಬಹುದು, ಅಲ್ವಾ?

ಕರೆಂಟೂ ಹಾಗೆಯೇ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಐದನೇ ಕ್ಲಾಸಿನ ಮಗುವಿಗೂ ಬರುವ ಲೆಕ್ಕ ಇದು. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬಂದ ಮನೆಯಲ್ಲಂತೂ ಈ ಲೆಕ್ಕ ಇನ್ನೂ ಮುಖ್ಯ. ದುಡ್ಡು ಕಟ್ಟದಿದ್ದರೂ ಯೂನಿಟ್ ಖರ್ಚಾಗಿರುತ್ತದೆ, ಅದಕ್ಕೆ ಎಲ್ಲೋ ಕಲ್ಲಿದ್ದಲು ಉರಿದಿರಬಹುದು ಎಂಬುದು ಮಕ್ಕಳಿಗೆ ತಿಳಿಯಲಿ.

ಮಕ್ಕಳನ್ನು ಹೆದರಿಸುವುದು ಬೇಡ. ಭೂಮಿ ಮುಳುಗುತ್ತದೆ ಎಂದರೆ ಅವರು ಏನು ತಾನೇ ಮಾಡಿಯಾರು? ಒಂದು ತಿಂಗಳು ಮೀಟರ್ ಬರೆದಿಟ್ಟು, ಮುಂದಿನ ತಿಂಗಳು ಕಡಿಮೆ ಮಾಡಿ ತೋರಿಸುವುದು ಅವರ ಕೈಯಲ್ಲಿದೆ. ಶಾಲೆಗಳು ಈ ವರ್ಷ ಇದನ್ನೇ ಪ್ರಾಜೆಕ್ಟ್ ಆಗಿ ಕೊಡಲಿ, ಅಂಕವನ್ನೂ ಇದಕ್ಕೇ ಕೊಡಲಿ.

– ಒಬ್ಬ ಪೋಷಕಿ, ಬೆಂಗಳೂರು