ಸೀರೆ ತಲುಪಿತೆಂದು ತೋರಿಸಲು ಹತ್ತೇ ದಿನ: ಉಡುಪಿ-ಚಿಕ್ಕಮಗಳೂರು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಉಡುಪಿಯಲ್ಲಿ ಮನೆಯಿಂದಲೇ ಕೈಮಗ್ಗದ ಸೀರೆ, ಶಾಲು ಮಾರುವವಳು. ಅಂಗಡಿ ಇಲ್ಲ, ಎಲ್ಲವೂ ಆನ್‌ಲೈನ್. ಗಿರಾಕಿಗಳಲ್ಲಿ ಬಹಳಷ್ಟು ಜನ ಹೊರದೇಶದವರು. ಕೆಲವರು ಇಲ್ಲಿಂದಲೇ ಹೋಗಿ ದುಬೈಯಲ್ಲೋ ಬಹರೈನ್‌ನಲ್ಲೋ ಅಮೆರಿಕದಲ್ಲೋ ನೆಲೆಸಿದವರು. ಇನ್ನು ಕೆಲವರಿಗೆ ನಮ್ಮೂರು ಎಲ್ಲಿದೆ ಎಂಬುದೇ ಗೊತ್ತಿಲ್ಲ, ಬಟ್ಟೆ ಇಷ್ಟವಾಗಿ ಕೊಳ್ಳುವವರು. ಇಂಥ ಊರಿನದೇ ಮಾಲು ಎಂದು ಗುರುತಿಸುವ ಭೌಗೋಳಿಕ ಸೂಚ್ಯಂಕ (ಜಿಐ) ಸಿಕ್ಕಿದ ಮೇಲೆ ಉಡುಪಿ ಸೀರೆಯನ್ನು ಹೆಸರು ಹೇಳಿ ಕೇಳುವವರು ಹೆಚ್ಚಿದ್ದಾರೆ. ಮಗ್ಗ ಬಿಟ್ಟಿದ್ದ ಕೆಲವರು ಮತ್ತೆ ಮಗ್ಗದ ಗುಂಡಿಗೆ ಇಳಿದಿದ್ದಾರೆ. ಇದು ಸಂತೋಷದ ವಿಷಯ, ಇದರಲ್ಲಿ ಸರ್ಕಾರದ ಪಾಲೂ ಇದೆ.

ಆದರೆ ಹೊರದೇಶದ ಗಿರಾಕಿ ತಕರಾರು ಎತ್ತಿದ ದಿನ ನಾವು ಒಂಟಿಯಾಗುತ್ತೇವೆ. ಮಾಲು ಹೇಗೆ ಕಳಿಸಬೇಕು ಎಂದು ಹೇಳಿಕೊಡಲು ಶಿಬಿರಗಳಿವೆ, ಕೇಂದ್ರಗಳಿವೆ. ಕಳಿಸಿದ ಮಾಲಿನ ಹಣವನ್ನು ಯಾರಾದರೂ ಹಿಂದಕ್ಕೆ ಎಳೆದುಕೊಂಡರೆ ಎಲ್ಲಿಗೆ ಹೋಗಬೇಕೆಂದು ಹೇಳುವವರಿಲ್ಲ. ಇಂಥ ತಕರಾರು ತೀರ್ಮಾನವಾಗುವುದು ದಾಖಲೆಯ ಮೇಲೆ. ಆ ದಾಖಲೆಗಳಲ್ಲಿ ಮುಖ್ಯವಾದವು ಕೇಂದ್ರ ಸರ್ಕಾರದ ಇಲಾಖೆಗಳ ಕೈಯಲ್ಲಿವೆ. ಅವು ಗಡುವಿನೊಳಗೆ ನಮ್ಮ ಕೈಗೆ ಬರಬೇಕು. ಈ ಒಂದು ಮಾತಿಗಾಗಿಯೇ ತಮಗೆ ಬರೆಯುತ್ತಿದ್ದೇನೆ.

ಈ ತಕರಾರು ನಡೆಯುವ ರೀತಿ ಕೋರ್ಟಿನಂತಲ್ಲ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸಂಸ್ಥೆಯ ಮೂಲಕ ಹಣ ಕಟ್ಟಿದ ಗಿರಾಕಿ ಕಟ್ಟಿದ ದಿನದಿಂದ 180 ದಿನಗಳೊಳಗೆ ಯಾವಾಗ ಬೇಕಾದರೂ ತಕರಾರು ತೆಗೆಯಬಹುದು. ‘ಮಾಲು ಬಂದಿಲ್ಲ’ ಎನ್ನಬಹುದು, ‘ಹೇಳಿದಂತಿಲ್ಲ’ ಎನ್ನಬಹುದು. ಆ ಕ್ಷಣದಿಂದ ಅಷ್ಟು ಹಣ ನಮ್ಮ ಖಾತೆಯಲ್ಲಿ ತಡೆಹಿಡಿಯಲ್ಪಡುತ್ತದೆ. ಇಬ್ಬರೂ ಮಾತಾಡಿಕೊಳ್ಳಲು 20 ದಿನ. ಅಷ್ಟರಲ್ಲಿ ಬಗೆಹರಿಯದೆ ಗಿರಾಕಿ ಅದನ್ನು ಕ್ಲೇಮ್ ಮಾಡಿದರೆ, ಅಂದರೆ ಪೇಪಾಲೇ ತೀರ್ಮಾನಿಸಲಿ ಎಂದರೆ, ಮಾರಿದವರು ಉತ್ತರ ಕೊಡಲು ಸಾಮಾನ್ಯವಾಗಿ 10 ದಿನ. ಇಬೇ ಎಂಬ ಮಾರಾಟ ತಾಣದಲ್ಲಾದರೆ ಗಿರಾಕಿಯ ದೂರಿಗೆ ಸ್ಪಂದಿಸಲು ಮೂರೇ ಕೆಲಸದ ದಿನ, ಆಮೇಲೆ ಕಂಪನಿಯೇ ನಡುವೆ ಬಂದು ತೀರ್ಮಾನಿಸಬಹುದು. ಕಾರ್ಡಿನಲ್ಲಿ ಕಟ್ಟಿದ್ದರೆ ಗಿರಾಕಿ ನೇರವಾಗಿ ತನ್ನ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್ ಮಾಡಿಸಬಹುದು, ಅಂದರೆ ಕಟ್ಟಿದ ಹಣವನ್ನು ಹಿಂದಕ್ಕೆ ತರಿಸಿಕೊಳ್ಳಬಹುದು. ಆಗ ತೀರ್ಪು ಕೊಡುವುದು ನಾವು ಹೆಸರೂ ಕೇಳಿರದ ಯಾವುದೋ ದೇಶದ ಬ್ಯಾಂಕು.

ಗಿರಾಕಿಗೆ ಈ ರಕ್ಷಣೆ ಇರಬಾರದು ಎಂದು ನಾನು ಹೇಳುವುದಿಲ್ಲ. ಅದು ಇರುವುದರಿಂದಲೇ ಸಾವಿರಾರು ಮೈಲಿ ದೂರದ ಹೆಂಗಸೊಬ್ಬಳು ನನ್ನ ಮುಖ ನೋಡದೆ ಹಣ ಕಳಿಸುತ್ತಾಳೆ. ಮೋಸ ಮಾಡುವ ಮಾರಾಟಗಾರರೂ ಇದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ. ನಾನು ಕೇಳುವುದು, ಸರಿಯಾಗಿ ಮಾಲು ಕಳಿಸಿದವರಿಗೆ ಅದನ್ನು ತೋರಿಸಿಕೊಡಲು ಆಗಬೇಕು ಎಂದಷ್ಟೇ.

ನನಗೇ ಆದದ್ದನ್ನು ಹೇಳುತ್ತೇನೆ. ಅಮೆರಿಕಕ್ಕೆ ಒಂದು ಸೀರೆ ಕಳಿಸಿದ್ದೆ. ಟ್ರ್ಯಾಕಿಂಗ್‌ನಲ್ಲಿ ಅದು ಭಾರತ ಬಿಟ್ಟು ಹೊರಟಿದೆ ಎಂದು ತೋರಿಸಿತು, ಅದರ ನಂತರ ಒಂದು ಸಾಲೂ ಬರಲಿಲ್ಲ. ಕೆಲವು ವಾರ ಬಿಟ್ಟು ಗಿರಾಕಿಯಿಂದ ‘ಮಾಲು ಬಂದಿಲ್ಲ’ ಎಂಬ ದೂರು, ಅದರ ಹಿಂದೆಯೇ ಹಣ ತಡೆಹಿಡಿದ ಮೇಲ್. ಪಾರ್ಸೆಲ್ ಸಾಗಿಸಿದವರಿಗೆ ಅಂದೇ ದೂರು ಕೊಟ್ಟೆ. ‘ವಿಚಾರಣೆಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಮತ್ತೆ ಕೇಳಿದರೆ ಅದೇ ಸಾಲು. ನನ್ನ ಬಳಿ ಇದ್ದ ಬುಕಿಂಗ್ ರಸೀದಿ, ತೂಕದ ಚೀಟಿ, ಪ್ಯಾಕಿಂಗಿನ ಫೋಟೋ ಎಲ್ಲವನ್ನೂ ಹಾಕಿದೆ. ಅವೆಲ್ಲ ನಾನು ಕಳಿಸಿದೆ ಎಂಬುದನ್ನು ಹೇಳುತ್ತವೆ, ಅವರಿಗೆ ತಲುಪಿತು ಎಂಬುದನ್ನು ಹೇಳುವುದಿಲ್ಲ. ಗಡುವು ಮುಗಿಯಿತು, ಹಣ ಗಿರಾಕಿಗೆ ಹೋಯಿತು. ಪಾರ್ಸೆಲ್ ಅಲ್ಲಿ ಇಂಥ ದಿನ ಬಟವಾಡೆಯಾಗಿದೆ ಎಂಬ ಪತ್ರ ನನಗೆ ಸಿಕ್ಕಿದ್ದು ಅದೆಲ್ಲ ಆದ ಮೇಲೆ. ಅದನ್ನು ಕಳಿಸಿದರೆ ‘ಪ್ರಕರಣ ಮುಕ್ತಾಯಗೊಂಡಿದೆ’ ಎಂಬ ಉತ್ತರ ಬಂತು. ಬಟವಾಡೆ ಆದ ದಿನ ದೂರು ಕೊಟ್ಟ ದಿನಕ್ಕಿಂತ ಮುಂಚಿನದು! ಆ ಸೀರೆ ನೇಯ್ದ ಅಮ್ಮನಿಗೆ ನಾನು ಮಜೂರಿ ಮೊದಲೇ ಕೊಟ್ಟಾಗಿತ್ತು. ಕೊಡಲೇಬೇಕು, ಅವರ ದುಡಿಮೆಗೂ ಈ ತಕರಾರಿಗೂ ಸಂಬಂಧವಿಲ್ಲ.

ಸಂಸದರೇ, ಆ ಒಂದು ಹಾಳೆ ಹತ್ತು ದಿನದೊಳಗೆ ಸಿಕ್ಕಿದ್ದರೆ ಮುಗಿದು ಹೋಗುವ ವಿಷಯ ಇದು.

‘ಹೇಳಿದಂತಿಲ್ಲ’ ಎಂಬ ತಕರಾರು ಇನ್ನೂ ಕಷ್ಟದ್ದು. ಹಾಸಿನ ಉದ್ದ ಎಳೆಗೆ ಒಂದು ಬಣ್ಣ, ಹೊಕ್ಕಿನ ಅಡ್ಡ ಎಳೆಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ಸೀರೆ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಹಿಡಿದರೆ ನೇರಳೆ, ಅದೇ ಸೀರೆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕಂದು. ಸೆರಗಿನ ಹತ್ತಿರ ಒಂದೆರಡು ಎಳೆ ದಪ್ಪ ಬಂದಿರುತ್ತದೆ, ಕೈಯಲ್ಲಿ ನೇಯ್ದದ್ದಕ್ಕೆ ಅದೇ ಗುರುತು. ಗಂಜಿ ಹಾಕಿದ ಸೀರೆ ಮೊದಲು ಬಿಗಿಯಾಗಿರುತ್ತದೆ, ಎರಡು ಸಲ ಒಗೆದ ಮೇಲೆ ಮೈಗೆ ಹಿತವಾಗುತ್ತದೆ. ಇದನ್ನೆಲ್ಲ ನಾವು ಚಿತ್ರದ ಕೆಳಗೆ ಬರೆದಿರುತ್ತೇವೆ. ಆದರೂ ‘ಬಣ್ಣ ಬೇರೆ’, ‘ನೂಲು ದೋಷ’ ಎಂದು ದೂರು ಬಂದರೆ ತೀರ್ಪು ಕೊಡುವವರು ಕೈಮಗ್ಗದ ಬಟ್ಟೆಯನ್ನು ಮುಟ್ಟಿಯೂ ನೋಡಿರುವುದಿಲ್ಲ. ಇಂಥ ಸಂದರ್ಭಕ್ಕೆ ಕೈಮಗ್ಗ ಮತ್ತು ಜವಳಿ ಇಲಾಖೆಯೋ ನೇಕಾರರ ಸಂಘವೋ ‘ಇದು ಕೈಮಗ್ಗದ ಸಹಜ ಲಕ್ಷಣ, ದೋಷವಲ್ಲ’ ಎಂದು ಇಂಗ್ಲಿಷ್‌ನಲ್ಲಿ ಮೊಹರು ಹಾಕಿದ ಒಂದು ಪತ್ರ ಕೊಟ್ಟರೆ ಎಷ್ಟೋ ಉಪಕಾರ. ಖರ್ಚಿಲ್ಲದ ಕೆಲಸ ಇದು.

ಗಿರಾಕಿ ಸೀರೆಯನ್ನು ವಾಪಸ್ ಕಳಿಸಿದರೂ ಕಷ್ಟ ಮುಗಿಯುವುದಿಲ್ಲ. ನಮ್ಮದೇ ಮಾಲು ನಮ್ಮ ದೇಶಕ್ಕೆ ಮರಳಿದಾಗ ಅದನ್ನು ಆಮದು ಎಂದು ಲೆಕ್ಕ ಹಾಕುತ್ತಾರೆ. ರಫ್ತಾದ ವಸ್ತು ಮೂರು ವರ್ಷದೊಳಗೆ ಹಾಗೇ ಮರಳಿದರೆ ಸುಂಕ ವಿನಾಯಿತಿ ಪಡೆಯಲು 2017ರ ಕಸ್ಟಮ್ಸ್ ಅಧಿಸೂಚನೆಯಲ್ಲಿ ಅವಕಾಶವಿದೆ. ಆದರೆ ಹೋದದ್ದೂ ಬಂದದ್ದೂ ಒಂದೇ ಸೀರೆ ಎಂದು ತೋರಿಸಬೇಕು, ರಫ್ತು ಮಾಡುವಾಗ ತುಂಬಿದ ಬಿಲ್ಲನ್ನು ತಾಳೆ ಹಾಕಬೇಕು. ಇದನ್ನು ಮಾಡಿಕೊಡಲು ಏಜೆಂಟರು ಕೇಳುವ ಹಣ ಒಂದು ಸೀರೆಯ ಲಾಭದಲ್ಲಿ ಹುಟ್ಟುವುದಿಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ‘ಸೀರೆ ನೀವೇ ಇಟ್ಟುಕೊಳ್ಳಿ, ಹಣವೂ ತೆಗೆದುಕೊಳ್ಳಿ’ ಎಂದು ಬಿಟ್ಟುಬಿಡುತ್ತಾರೆ. ಇದು ಗೊತ್ತಿದ್ದೇ ತಕರಾರು ಎತ್ತುವವರೂ ಇದ್ದಾರೆ.

2025ರಲ್ಲಿ ನಡೆದದ್ದು ತಮಗೆ ನೆನಪಿರಬಹುದು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಅದಕ್ಕೆ ಮುಂಚೆಯೇ, ಆಗಸ್ಟ್ 25ರಿಂದ, ಭಾರತೀಯ ಅಂಚೆ ಅಲ್ಲಿಗೆ ಹೋಗುವ ಸರಕಿನ ಬುಕಿಂಗ್ ನಿಲ್ಲಿಸಬೇಕಾಯಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ರಂದು, ಸುಂಕವನ್ನು ಇಲ್ಲೇ ಮುಂಗಡ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ. ಅಂದರೆ ಚೌತಿಗೆ ಎರಡು ದಿನ ಇರುವಾಗ ನಿಂತದ್ದು ದೀಪಾವಳಿ ಬಾಗಿಲಿಗೆ ಬಂದಾಗ ಶುರುವಾಯಿತು. ನಮ್ಮ ವರ್ಷದ ವ್ಯಾಪಾರ ಇರುವುದೇ ಆ ನಡುವೆ. ಅಂಚೆ ಇಲಾಖೆ ಬೇಕೆಂದು ಮಾಡಿದ್ದಲ್ಲ, ಕಳಿಸಲಾಗದ ಪಾರ್ಸೆಲ್‌ಗಳ ಅಂಚೆ ವೆಚ್ಚ ವಾಪಸ್ ಕೊಡುತ್ತೇವೆಂದೂ ಹೇಳಿತು, ಅದು ಸರಿ. ಆದರೆ ಅಂಥ ಹೊತ್ತಿನಲ್ಲಿ ಗಿರಾಕಿಗೆ ಹೇಳಿದ ತಾರೀಖು ದಾಟುತ್ತಲೇ ಇತ್ತು. ಮಾರಾಟ ತಾಣಗಳ ಕಂಪ್ಯೂಟರಿಗೆ ನಮ್ಮ ಹಬ್ಬ, ಅವರ ಸುಂಕ ಯಾವುದೂ ತಿಳಿಯದು. ತಾರೀಖು ದಾಟಿದರೆ ತಪ್ಪು ಮಾರಿದವರದ್ದು. ಇನ್ನು ಮುಂದೆ ಹೀಗೆ ಸೇವೆ ನಿಂತಾಗ, ‘ಇಂಥ ದಿನದಿಂದ ಇಂಥ ದೇಶಕ್ಕೆ ರವಾನೆ ನಿಂತಿದೆ, ಇದರಲ್ಲಿ ಕಳಿಸಿದವರ ತಪ್ಪಿಲ್ಲ’ ಎಂಬ ಪತ್ರ ಪಾರ್ಸೆಲ್ ಸಂಖ್ಯೆ ಸಮೇತ ಕಳಿಸಿದವರಿಗೆ ತಾನಾಗಿ ಬರುವಂತೆ ಮಾಡಿಸಿ. ಹಾಗೆಯೇ, ಮುಂಗಡ ಸುಂಕ ಕಟ್ಟಿದ ಪಾರ್ಸೆಲ್ ತಲುಪದೆ ಮರಳಿದರೆ ಆ ಸುಂಕದ ಗತಿ ಏನು ಎಂಬುದನ್ನು ಬುಕಿಂಗ್ ಕೌಂಟರಿನಲ್ಲಿ ಕನ್ನಡದಲ್ಲಿ ಬರೆದು ಹಾಕಿಸಿ.

ನಮ್ಮ ಕಡೆಯಿಂದ ಆಗುವ ಎಚ್ಚರವನ್ನು ನಾವು ವಹಿಸುತ್ತೇವೆ. ಸೀರೆಯನ್ನು ತಕ್ಕಡಿಯ ಮೇಲಿಟ್ಟು, ತೂಕ ಕಾಣುವಂತೆ ವಿಡಿಯೋ ಮಾಡಿಯೇ ಪೊಟ್ಟಣ ಮುಚ್ಚುತ್ತೇವೆ. ವಾಟ್ಸಾಪ್‌ನಲ್ಲಿ ಮಾತಾದರೂ ಮುಖ್ಯ ವಿಷಯವನ್ನು ಮಾರಾಟ ತಾಣದ ಸಂದೇಶದಲ್ಲೇ ಮತ್ತೊಮ್ಮೆ ಬರೆಯುತ್ತೇವೆ, ಯಾಕೆಂದರೆ ತಕರಾರು ನೋಡುವವರು ಮೊದಲು ಓದುವುದು ಅದನ್ನೇ. ತಕರಾರು ತೆರೆದಿರುವಾಗ ಹೊರಗಿನಿಂದ ಬೇರೆ ಹಣ ಕಳಿಸುವುದಿಲ್ಲ. ಕಳಿಸಿದರೆ ಎರಡು ಸಲ ಹೋಗುತ್ತದೆ. ನಮ್ಮವರೇ ಆದ ಗಿರಾಕಿಗಳು ಒಮ್ಮೊಮ್ಮೆ ‘ಅಕ್ಕ, ಇದನ್ನು ನನ್ನ ನಾದಿನಿ ಮನೆಗೆ ಕಳಿಸಿ’ ಎನ್ನುತ್ತಾರೆ. ಹಣ ಕಟ್ಟಿದಾಗ ಕೊಟ್ಟ ವಿಳಾಸ ಬಿಟ್ಟು ಬೇರೆಡೆ ಕಳಿಸಿದರೆ ಮಾರಾಟಗಾರರ ರಕ್ಷಣೆ ತಪ್ಪಿಹೋಗುತ್ತದೆ ಎಂದು ಅವರಿಗೆ ಬೇಸರವಾಗದಂತೆ ತಿಳಿಸಿ ಹೇಳಬೇಕು. ಇವೆಲ್ಲ ನಾವು ಒಬ್ಬರಿಂದ ಒಬ್ಬರು ಕಲಿತದ್ದು. ಯಾವ ತರಬೇತಿ ಶಿಬಿರದಲ್ಲೂ ನನಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ರಫ್ತು ಪರವಾನಗಿ ಮಾಡಿಸುವುದು ಹೇಗೆ ಎಂದು ಇಡೀ ಮಧ್ಯಾಹ್ನ ಹೇಳುತ್ತಾರೆ, ತಕರಾರು ಬಂದರೆ ಮೊದಲ ದಿನ ಏನು ಮಾಡಬೇಕೆಂದು ಒಂದು ಮಾತೂ ಇಲ್ಲ.

ಕಾನೂನಿನಲ್ಲಿ ನಮಗೆ ಏನಿದೆ ಎಂದು ಹುಡುಕಿ ನೋಡಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣಗಳು ಗ್ರಾಹಕರ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು, ಅದಕ್ಕೊಬ್ಬ ಅಧಿಕಾರಿಯೂ ಇರಬೇಕು. ಅದು ಕೊಳ್ಳುವವರಿಗೆ. ಅಲ್ಲಿಯೇ ಸರಕು ಮಾರುವ ನಮ್ಮಂಥವರಿಗೆ ಅಂಥ ಗಡುವು ಇಲ್ಲ. 2023ರ ವಿದೇಶಿ ವ್ಯಾಪಾರ ನೀತಿಯ ಎಂಟನೇ ಅಧ್ಯಾಯ ಗುಣಮಟ್ಟದ ದೂರು ಮತ್ತು ವ್ಯಾಪಾರ ತಕರಾರುಗಳಿಗೇ ಮೀಸಲು. ಅದಕ್ಕೆ ಸಮಿತಿಯೂ ಇದೆ. ಆದರೆ ಸಮಿತಿಯದು ಸಂಧಾನದ ಹಾದಿ, ಹತ್ತು ದಿನದ ಗಡುವಿನ ಜೊತೆ ಓಡುವ ಹಾದಿಯಲ್ಲ. ಕಂಟೇನರ್ ಲೆಕ್ಕದಲ್ಲಿ ಗೋಡಂಬಿ ಕಳಿಸುವವರಿಗೆ ಅದು ಉಪಯೋಗವಾದೀತು. ಕೆಲವು ಸಾವಿರದ ಸೀರೆಯ ಜಗಳ ಹಿಡಿದುಕೊಂಡು ಅಲ್ಲಿಗೆ ಹೋಗುವುದು ಹೇಗೆ?

ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನೂ ಹೇಳಬೇಕು. ಹತ್ತು ಲಕ್ಷ ರೂಪಾಯಿವರೆಗಿನ ರಫ್ತು ಬಿಲ್ಲುಗಳನ್ನು ರಫ್ತುದಾರರ ಘೋಷಣೆಯ ಮೇಲೆಯೇ ಬ್ಯಾಂಕಿನ ಲೆಕ್ಕದಲ್ಲಿ ಮುಗಿಸಬಹುದು, ಬಿಲ್ಲಿನ ಮೊತ್ತ ಕಡಿಮೆಯಾಗಿದ್ದರೂ ಘೋಷಣೆ ಸಾಕು ಎಂದು 2025ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಹಣ ವಾಪಸ್ ಹೋದ ಮೇಲೂ ‘ರಫ್ತಿನ ಹಣ ಎಲ್ಲಿ?’ ಎಂದು ಕೇಳಿಸಿಕೊಳ್ಳುತ್ತಿದ್ದ ನಮಗೆ ಇದು ದೊಡ್ಡ ನೆಮ್ಮದಿ. ಆದರೆ ಶಾಖೆಗೆ ಹೋಗಿ ಕೇಳಿದರೆ ಇದರ ಸುದ್ದಿಯೇ ತಿಳಿಯದ ಸಿಬ್ಬಂದಿ ಇದ್ದಾರೆ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿ ಬೆಳೆದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು. ಇಲ್ಲಿಯ ಶಾಖೆಗಳಲ್ಲಿ ಚಾರ್ಜ್‌ಬ್ಯಾಕ್ ಎಂದರೇನು ಎಂದು ನಾವೇ ವಿವರಿಸಬೇಕಾಗಿ ಬರಬಾರದು. ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಒಟ್ಟು ಸೇರಿಸುವ ಲೀಡ್ ಬ್ಯಾಂಕಿನ ಸಭೆಯಲ್ಲಿ ತಾವು ಒಂದು ಮಾತು ಕೇಳಿದರೆ ಎಲ್ಲ ಶಾಖೆಗೂ ಸುತ್ತೋಲೆ ಹೋಗುತ್ತದೆ.

ಈಗ ನನ್ನ ಮುಖ್ಯ ಬೇಡಿಕೆ. ಹೊರದೇಶಕ್ಕೆ ಬುಕ್ ಮಾಡಿದ ಪಾರ್ಸೆಲ್ ಮೇಲೆ ತಕರಾರು ಬಂದಿದೆ ಎಂದು ಕಳಿಸಿದವರು ದಾಖಲೆ ಸಮೇತ ಅರ್ಜಿ ಕೊಟ್ಟರೆ, ಅಂಚೆ ಇಲಾಖೆ ಮೂರು ಕೆಲಸದ ದಿನದೊಳಗೆ ಸಹಿ-ಮೊಹರಿನ ಪತ್ರ ಕೊಡಬೇಕು: ಯಾವ ದಿನ ಬುಕ್ ಆಯಿತು, ತೂಕ ಎಷ್ಟು, ಯಾವ ದಿನ ದೇಶ ಬಿಟ್ಟಿತು, ಆ ದೇಶದ ಅಂಚೆಯಿಂದ ಬಂದ ಕೊನೆಯ ಮಾಹಿತಿ ಏನು. ಬಟವಾಡೆಯ ಮಾಹಿತಿ ಇನ್ನೂ ಬಂದಿಲ್ಲವಾದರೆ ಅದನ್ನೇ ಬರೆದುಕೊಡಲಿ, ವಿಚಾರಣೆ ಕಳಿಸಿದ ದಿನಾಂಕ ಹಾಕಿ. ‘ವಿಚಾರಣೆಯಲ್ಲಿದೆ’ ಎಂಬ ಸಾಲಿಗಿಂತ ಅದು ನೂರು ಪಾಲು ಮೇಲು, ಗಡುವು ಮುಂದೂಡಿ ಎಂದು ಕೇಳುವುದಕ್ಕೆ ಅದೊಂದು ಆಧಾರವಾಗುತ್ತದೆ. 2022ರಿಂದ ದೇಶದಾದ್ಯಂತ ತೆರೆದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳು, ಸಣ್ಣ ರಫ್ತುದಾರರಿಗಾಗಿಯೇ ಇರುವವು. ಆ ಕೆಲಸವನ್ನು ಅವುಗಳಿಗೇ ವಹಿಸಬಹುದು. ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಬೇಡ. ಮರಳಿ ಬಂದ ಪಾರ್ಸೆಲ್‌ನ ಕಸ್ಟಮ್ಸ್ ಕಾಗದವನ್ನೂ, ರಫ್ತಿನ ಬಿಲ್ಲು ಅಲ್ಲೇ ಇರುವುದರಿಂದ, ಅಲ್ಲೇ ತಾಳೆ ಹಾಕಿಕೊಟ್ಟರೆ ನಮ್ಮ ಅರ್ಧ ಭಾರ ಇಳಿಯುತ್ತದೆ.

ಇನ್ನೊಂದು ತಾವು ಲೋಕಸಭೆಯಲ್ಲಿ ಕೇಳಬೇಕಾದದ್ದು. ಭಾರತದ ಮಾರಾಟಗಾರರಿಂದ ಶುಲ್ಕ ಪಡೆಯುವ ಹೊರದೇಶದ ಮಾರಾಟ ತಾಣಗಳು ಮತ್ತು ಪಾವತಿ ಸಂಸ್ಥೆಗಳು, ಮಾರಾಟಗಾರರ ಮೇಲ್ಮನವಿ ಕೇಳಲು ಭಾರತದಲ್ಲೇ ಒಬ್ಬ ಅಧಿಕಾರಿಯನ್ನು ಇಡಬೇಕು. ತೀರ್ಪು ಆದ ಮೇಲೆ ಹೊಸ ದಾಖಲೆ ಸಿಕ್ಕರೆ ಒಮ್ಮೆಯಾದರೂ ಮರುಪರಿಶೀಲನೆಗೆ ಅವಕಾಶವಿರಬೇಕು. ಗ್ರಾಹಕರಿಗೆ ಇರುವುದನ್ನು ಕಡಿತ ಮಾಡದೆಯೇ ಇದನ್ನು ಮಾಡಬಹುದು.

ಕೇಂದ್ರದ ಯೋಜನೆಗಳ ಕೆಲಸ ಪರಿಶೀಲಿಸುವ ಜಿಲ್ಲೆಯ ದಿಶಾ ಸಭೆ ತಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಅಂಚೆ, ಲೀಡ್ ಬ್ಯಾಂಕ್, ಜಿಲ್ಲಾ ಕೈಗಾರಿಕಾ ಕೇಂದ್ರ, ಕೈಮಗ್ಗ ಇಲಾಖೆ ನಾಲ್ವರನ್ನೂ ಒಟ್ಟಿಗೆ ಕೂರಿಸಿ ಎಂದು ಕೇಳಿಕೊಳ್ಳುತ್ತೇನೆ. ಮಂಗಳೂರಿನ ಕಡೆಯೂ ಇದೇ ಕಷ್ಟ ಇರುವ ಮಾರಾಟಗಾರರಿದ್ದಾರೆ, ದಕ್ಷಿಣ ಕನ್ನಡದ ಸಂಸದರೊಂದಿಗೆ ತಾವು ಮಾತಾಡಿದರೆ ಎರಡೂ ಜಿಲ್ಲೆಗೆ ಒಂದೇ ವ್ಯವಸ್ಥೆ ಸಾಕು. ಸಭೆಯ ದಿನ ಗೊತ್ತಾದರೆ ಸೀರೆ, ಮರದ ಗೊಂಬೆ, ಹಿತ್ತಾಳೆ ದೀಪ ಮಾರುವ ನಾವು ಕೆಲವರು ತಕರಾರಿನ ಕಾಗದಗಳ ಪ್ರತಿ ಹಿಡಿದು ಮಣಿಪಾಲಕ್ಕೆ ಬರಲು ಸಿದ್ಧರಿದ್ದೇವೆ. ಒಳಗೆ ಕರೆದು ಕೇಳಿದರೆ ಒಂದೊಂದನ್ನೂ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೈಮಗ್ಗದ ಸೀರೆ ಮಾರುವವಳು,
ಉಡುಪಿ