ಸುಮ್ನೆ ಇದ್ದ ಮೋಡ ಯಾಕೆ ಕುಸಿಯಿತು?

ಮಾನ್ಯ ಸಂಪಾದಕರೇ,

ಮಗಳ ಪುಸ್ತಕದಲ್ಲಿ ಅನಿಲದ ಮೋಡ ಕುಸಿದು ಸೂರ್ಯ, ಗ್ರಹಗಳು ಆದವು ಎಂದು ಒಂದೇ ಸಾಲಿದೆ. ಸುಮ್ನೆ ಇದ್ದ ಮೋಡ ಯಾಕೆ ಕುಸಿಯಿತು ಅಂತ ಅವಳು ಕೇಳಿದಳು. ಸರಿಯಾದ ಪ್ರಶ್ನೆ, ಅಲ್ವಾ?

ಸುಳಿವು ಸಿಕ್ಕಿದ್ದು 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕಾಶಿಲೆಯಲ್ಲಿ. ಕಪ್ಪು ಕಲ್ಲು, ಒಳಗೆ ಮಂಡಕ್ಕಿಯ ಹಾಗೆ ಬಿಳಿ ಚೂರುಗಳು, ಸುಮಾರು 456 ಕೋಟಿ ವರ್ಷ ಹಳೆಯವು. ಅವುಗಳಲ್ಲಿ ಮೆಗ್ನೀಸಿಯಂನ ಒಂದು ಬಗೆಯಾದ ಮೆಗ್ನೀಸಿಯಂ-26 ಜಾಸ್ತಿ ಇತ್ತು. ಅದು ಅಲ್ಯೂಮಿನಿಯಂ-26 ಎಂಬ, ತಾನಾಗಿಯೇ ಒಡೆಯುವ ವಿಕಿರಣಶೀಲ ಬಗೆಯ ಅಲ್ಯೂಮಿನಿಯಂ ಒಡೆದು ಆದದ್ದು. ಈ ಅಲ್ಯೂಮಿನಿಯಂ ಸುಮಾರು 7 ಲಕ್ಷ ವರ್ಷಕ್ಕೆ ಅರ್ಧ ಖಾಲಿಯಾಗುತ್ತದೆ, ಅಂದರೆ ಕಲ್ಲು ಗಟ್ಟಿಯಾಗುವ ಸ್ವಲ್ಪ ಮುಂಚೆಯಷ್ಟೇ ಯಾವುದೋ ನಕ್ಷತ್ರದಿಂದ ಬಿಸಿಬಿಸಿಯಾಗಿ ಬಂದಿರಬೇಕು. ಹತ್ತಿರದಲ್ಲೊಂದು ನಕ್ಷತ್ರ ಸಿಡಿದು, ಅದರ ಏಟಿಗೇ ಮೋಡ ಕುಸಿದಿರಬಹುದು ಎಂದು 1977ರಲ್ಲಿ ಕ್ಯಾಮೆರಾನ್ ಮತ್ತು ಟ್ರುರಾನ್ ಎಂಬ ವಿಜ್ಞಾನಿಗಳು ಹೇಳಿದರು.

ಎಲ್ಲರೂ ಒಪ್ಪಿಲ್ಲ ಬಿಡಿ. ಸಿಡಿತದಲ್ಲಿ ಹುಟ್ಟುವ, ಕಬ್ಬಿಣದ ವಿಕಿರಣಶೀಲ ಬಗೆಯಾದ ಕಬ್ಬಿಣ-60ರ ಕುರುಹು ಉಲ್ಕೆಗಳಲ್ಲಿ ಕಡಿಮೆ ಇದೆ, ಹಾಗಾಗಿ ಭಾರೀ ನಕ್ಷತ್ರಗಳಿಂದ ಹೊರಬೀಸುವ ಅನಿಲದ ಗಾಳಿಯೇ ಅಲ್ಯೂಮಿನಿಯಂ ತಂದಿತು ಅನ್ನುವವರೂ ಇದ್ದಾರೆ. ಆದರೆ ನಮ್ಮ ದೋಸೆ ಹೆಂಚಿನ ಕಬ್ಬಿಣ ಬಹುಪಾಲು ಸಿಡಿದ ನಕ್ಷತ್ರಗಳದ್ದೇ, ಅದರಲ್ಲಿ ಜಗಳವಿಲ್ಲ.

ಆರಿದ್ರಾ ಮಳೆ ಅಂತೀವಲ್ಲ, ಆ ಹೆಸರಿನ ಕೆಂಪು ನಕ್ಷತ್ರವೂ ಮುಂದೊಂದು ದಿನ ಸಿಡಿಯುತ್ತದೆ. ಮೊನ್ನೆ ಮಹಡಿ ಮೇಲೆ ನಿಂತು, ಬೀದಿದೀಪಕ್ಕೆ ಕೈ ಅಡ್ಡ ಹಿಡಿದು ಮಗಳಿಗೆ ಅದನ್ನು ತೋರಿಸಿದೆ. ಇಂಥದ್ದನ್ನು ನಿಮ್ಮ ಪತ್ರಿಕೆಯಲ್ಲೂ ಚಿತ್ರ ಸಮೇತ ಹಾಕಿ. ರಾಶಿಫಲಕ್ಕೆ ಕೊಡುವ ಜಾಗದಲ್ಲಿ ಅರ್ಧ ಸಾಕು.

– ಒಬ್ಬ ಓದುಗ, ಬನಶಂಕರಿ, ಬೆಂಗಳೂರು